ಎಷ್ಟು ಗುಳಿಗೆ ಉಳಿದಿದೆ?

ತೀರ್ಥಹಳ್ಳಿ, ಹೊಸನಗರದ ಒಳಹಳ್ಳಿಗಳಿಂದ ಎಚ್‌ಐವಿ ಗುಳಿಗೆ ತರಲು ಶಿವಮೊಗ್ಗಕ್ಕೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋದ ಹಾಗೆ. ಬಸ್ ಚಾರ್ಜು ಬೇರೆ. ಅದಕ್ಕಿಂತ ಕಷ್ಟದ್ದು, ಪಕ್ಕದ ಮನೆಯವರಿಗೆ ಹೇಳಲು ತಿಂಗಳಿಗೊಂದು ನೆಪ ಹುಡುಕುವುದು. ಎಚ್‌ಐವಿ ಗುಳಿಗೆ ತಪ್ಪಿಸಬೇಡಿ ಎಂಬ ಪಾಠದಲ್ಲಿ ಈ ನೆಪಕ್ಕೆ ಬಹಳ ಕಾಲ ಜಾಗವೇ ಇರಲಿಲ್ಲ.

ವೈರಸ್ ತಗ್ಗಿಸುವ ಔಷಧ ಚಿಕಿತ್ಸೆಗೆ ಎಆರ್‌ಟಿ ಎನ್ನುತ್ತಾರೆ. ಸರ್ಕಾರ ಉಚಿತ ಎಆರ್‌ಟಿ ಶುರು ಮಾಡಿದ್ದು 2004ರ ಏಪ್ರಿಲ್ 1ರಂದು. ಮೊದಲ ಪಟ್ಟಿಯಲ್ಲೇ ಕರ್ನಾಟಕವಿತ್ತು. ಆಗ ಬೆಳಿಗ್ಗೆ ಒಂದು, ರಾತ್ರಿ ಒಂದು, ನಡುವೆ 12 ಗಂಟೆ. ಸ್ಟಾವುಡಿನ್ ಎಂಬ ಔಷಧ ಇದ್ದ ಗುಳಿಗೆಯಿಂದ ಕೆಲವರಿಗೆ ಪಾದ ಉರಿಯುತ್ತಿತ್ತು, ಕೆನ್ನೆ ಗುಳಿ ಬೀಳುತ್ತಿತ್ತು. ಮುಖ ನೋಡಿಯೇ ಊರಿಗೆ ಗೊತ್ತಾದರೆ ಎಂಬ ಹೆದರಿಕೆ ಸುಮ್ನೆ ಅಲ್ಲ.

ಆ ಕಾಲದ ಪಾಠದ ಮಂತ್ರ ಶೇ. 95, ಅಂದರೆ ಕೊಟ್ಟ ಗುಳಿಗೆಯಲ್ಲಿ ಕನಿಷ್ಠ ಅಷ್ಟನ್ನು ನುಂಗಿರಬೇಕು. ತಿಂಗಳಿಗೆ 60 ಗುಳಿಗೆ, ಮೂರು ತಪ್ಪಿದರೆ ಅಷ್ಟಕ್ಕೆ ಇಳಿಯುತ್ತದೆ. ರಕ್ತದಲ್ಲಿ ಔಷಧ ಕಡಿಮೆಯಾದಾಗ ವೈರಸ್ ಮತ್ತೆ ಹೆಚ್ಚುತ್ತದೆ, ಆ ಔಷಧಕ್ಕೆ ಬಗ್ಗದ ತಳಿ ಬಲಿಯುತ್ತದೆ. ಹಾಗಾಗಿ ಡಬ್ಬಿ ತರಿಸಿ ಉಳಿದದ್ದನ್ನು ಎಣಿಸುವ ರೂಢಿ ಬಂತು. ಎಣಿಕೆ ತಪ್ಪಲ್ಲ. ಆದರೆ ಎಣಿಸಿ ಬೈದರೆ ಏನಾಗುತ್ತದೆ? ಉಳಿದ ಗುಳಿಗೆಯನ್ನು ದಾರಿಯಲ್ಲೇ ಎಸೆದು ಬರುತ್ತಾರೆ. ಲೆಕ್ಕ ಸರಿ, ವೈರಸ್ ಹಾಗೇ!

ಆಮೇಲೆ ಔಷಧವೇ ಪಾಠವನ್ನು ಹಗುರ ಮಾಡಿತು. ದಿನಕ್ಕೊಂದೇ ಗುಳಿಗೆ ಬಂತು. 2017ರಿಂದ ಸಿಡಿ4 (ರೋಗದ ವಿರುದ್ಧ ಹೋರಾಡುವ ರಕ್ತಕಣಗಳ ಎಣಿಕೆ) ಎಷ್ಟೇ ಇದ್ದರೂ ಚಿಕಿತ್ಸೆ. ನಂತರ ಬಂದ ಡೊಲುಟೆಗ್ರಾವಿರ್‌ನಿಂದ ತೊಂದರೆ ಕಡಿಮೆ. ಕೊರೊನಾ ಕಾಲದಲ್ಲಿ ಹಲವು ತಿಂಗಳ ಗುಳಿಗೆ ಒಟ್ಟಿಗೆ ಕೊಟ್ಟರು, ಅಷ್ಟು ನೆಪ ಹುಡುಕುವುದು ತಪ್ಪಿತು. ಎಲ್ಲಕ್ಕಿಂತ ಧೈರ್ಯ ಕೊಟ್ಟ ಮಾತು ಇದು: ತಪ್ಪದೆ ನುಂಗಿ, ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೇ ಉಳಿದರೆ, ದೈಹಿಕ ಸಂಬಂಧದಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ. ಹೆದರಿಸುವ ಹತ್ತು ಮಾತಿಗಿಂತ ಇದೊಂದು ಜಾಸ್ತಿ ಕೆಲಸ ಮಾಡುತ್ತದೆ ಅಲ್ವಾ?

ಒಳ್ಳೆಯ ಕೌನ್ಸೆಲರ್ ಈಗ "ಯಾಕೆ ಬಿಟ್ಟಿರಿ?" ಎನ್ನುವುದಿಲ್ಲ. "ಯಾವ ದಿನ ಕಷ್ಟವಾಯಿತು?" ಎಂದು ಕೇಳುತ್ತಾರೆ. ಅಡಿಕೆ ಕೊಯ್ಲಿಗೆ ಬೇರೆ ಊರಿಗೆ ಹೋದಾಗಲೋ? ನೆಂಟರು ತುಂಬಿದ ಮನೆಯಲ್ಲೋ? ಕಬ್ಬಿಣಾಂಶದ ಮಾತ್ರೆ, ಗ್ಯಾಸ್ಟ್ರಿಕ್‌ಗೆ ಆಂಟಾಸಿಡ್ ತೆಗೆದುಕೊಳ್ಳುತ್ತೀರಾ ಎಂಬುದನ್ನೂ ಕೇಳಬೇಕು. ಅವು ಡೊಲುಟೆಗ್ರಾವಿರ್ ಮೈಗೆ ಸೇರದಂತೆ ತಡೆಯಬಹುದು.

ಮಲೆನಾಡಿಗೆ ಇನ್ನೊಂದು ಪಾಠವಿದೆ. ಗುಟ್ಟು ಕಾಯಲು ಗುಳಿಗೆಯನ್ನು ಕಾಗದದಲ್ಲಿ ಕಟ್ಟಿ ಅಕ್ಕಿ ಡಬ್ಬಿಯಲ್ಲಿ ಅಡಗಿಸಿದರೆ ಮಳೆಗಾಲದ ಥಂಡಿಗೆ ಕೆಡುತ್ತದೆ. ಬೇಕಾದರೆ ಲೇಬಲ್ ಕಿತ್ತುಹಾಕಿ. ಡಬ್ಬಿ ಮಾತ್ರ ಬದಲಿಸಬೇಡಿ, ಒಳಗೆ ತೇವ ಹೀರುವ ಪುಟ್ಟ ಪೊಟ್ಟಣವಿದ್ದರೆ ಅದನ್ನೂ ಎಸೆಯಬೇಡಿ.