ಮೇ ತಿಂಗಳಲ್ಲಿ ಎರೆ ಹೊಲಕ್ಕೆ ಒಡ್ಡು ಹಾಕಬೇಡಿ

ರೋಹಿಣಿ ಮಳೆ ಬಿದ್ದ ಮರುದಿನ ಬೆಳಿಗ್ಗೆಯೇ ನನ್ನ ಫೋನು ಬಡಕೊಳ್ಳಲು ಶುರು. ಯಲಬುರ್ಗಾ ಕಡೆಯಿಂದ ಒಂದು, ಲಿಂಗಸುಗೂರು ಕಡೆಯಿಂದ ಎರಡು. ಮಾತು ಮಾತ್ರ ಒಂದೇ: "ಸರ್, ಒಡ್ಡು ಹೋತ್ರಿ. ಮಳಿ ಭಾಳ ಜೋರ್ ಆತು." ವಿಚಾರಿಸಿದರೆ ಬಿದ್ದದ್ದು ಸಾಧಾರಣ ಮಳೆ. ಮುಂದಿನ ಮಾತೂ ನನಗೆ ಬಾಯಿಪಾಠ: "ಈ ಸಲ ಜೆಸಿಬಿ ತರ್ಸಿ ಇನ್ನೊಂದು ಮೊಳ ಎತ್ತರ ಮಾಡ್ಸಿಬಿಡ್ತೀನ್ರಿ."

ಮಾಡಿಸಬೇಡಿ ಮಾರಾಯರೆ. ಆ ಒಡ್ಡು ಮಳೆ ಬರುವ ಮೊದಲೇ ಒಡೆದಿತ್ತು.

ಎರೆ ಅಂದರೆ ನಮ್ಮ ಕಪ್ಪು ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಇದು ನಿಮಗೆ ಗೊತ್ತು. ಮೇನಲ್ಲಿ ಬಿರುಕಿಗೆ ಕೈ ಇಳಿಸಿದರೆ ಮೊಳಕೈವರೆಗೆ ಹೋಗುತ್ತದೆ. ಅಂಥ ನೆಲದ ಮೇಲೆ ಒಣ ಹೆಂಟೆ ಗೋರಿ ಗುಡ್ಡೆ ಹಾಕಿದರೆ ನೋಡಲು ಕೋಟೆ ಗೋಡೆ, ಒಳಗೆಲ್ಲ ಸಂದು. ಬುಡದ ಬಿರುಕಂತೂ ಬಾಯಿ ತೆರೆದುಕೊಂಡೇ ಇರುತ್ತದೆ. ಹರಿದು ಬಂದ ನೀರು ಒಡ್ಡು ಹತ್ತಿ ದಾಟುವುದಿಲ್ಲ. ಬಿರುಕಿಗಿಳಿದು ಆಚೆ ಮಗ್ಗುಲಿಗೆ ಏಳುತ್ತದೆ. ಮೊದಲಿಗೆ ಇಲಿ ಬಿಲದಷ್ಟು ತೂತು, ಸಂಜೆಯೊಳಗೆ ಎತ್ತಿನ ಗಾಡಿ ನುಗ್ಗುವಷ್ಟು. ಎತ್ತರ ಹೆಚ್ಚಿಸಿದರೆ ಆಗುವುದಿಷ್ಟೇ: ಇನ್ನಷ್ಟು ನೀರು ನಿಂತು, ಆ ತೂತಿನ ಮೇಲೆ ಇನ್ನಷ್ಟು ಒತ್ತುತ್ತದೆ.

ನಂಬದಿದ್ದರೆ ಮನೆಯಲ್ಲೇ ನೋಡಿ. ನಿಂಬೆಹಣ್ಣಿನ ಗಾತ್ರದ ಒಣ ಹೆಂಟೆಯೊಂದನ್ನು ನೀರಿನ ಗ್ಲಾಸಿಗೆ ಬಿಡಿ. ಗುಳುಗುಳು ಗುಳ್ಳೆ ಎದ್ದು, ನೀವು ಚಹಾ ಮುಗಿಸುವುದರೊಳಗೆ ಪುಡಿಪುಡಿಯಾಗಿ ತಳ ಸೇರುತ್ತದೆ. ಒಳಗೆ ಸಿಕ್ಕಿಕೊಂಡ ಗಾಳಿ ಅದನ್ನು ಸಿಡಿಸಿರುತ್ತದೆ. ಇನ್ನೊಂದು ಹೆಂಟೆಯನ್ನು ರಾತ್ರಿಯಿಡೀ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ನಿಧಾನಕ್ಕೆ ತೇವ ಹಿಡಿಸಿ ಬಿಡಿ. ಅದು ಎಷ್ಟೋ ಹೊತ್ತು ತಡೆದುಕೊಳ್ಳುತ್ತದೆ. ಮಣ್ಣು ಅದೇ, ಹೊಲವೂ ಅದೇ.

ಇದನ್ನು ನಾನು ಹೇಳುವ ಮೊದಲೇ ಹಿಡಿದವರು ಒಬ್ಬರೇ, ಸೈನ್ಯದಿಂದ ನಿವೃತ್ತರಾಗಿ ಬಂದು ಕುಷ್ಟಗಿ ತಾಲೂಕಿನಲ್ಲಿ ಹೊಲ ಮಾಡುತ್ತಿರುವ ಹಿರಿಯರು. ಲಡಾಖಿನಲ್ಲಿ ಇದ್ದು ಬಂದವರು. "ಅಲ್ಲಿ ಚಳಿಗಾಲದಾಗ ಗುಡ್ಡದ ಮಣ್ಣು ಕಲ್ಲ ಆಗಿರ್ತದ್ರಿ. ಹಿಮ ಕರಗಿದ ಮ್ಯಾಲ ಅಂಬಲಿಗತೆ ಜಾರ್ತದ," ಅಂದರು. ಸರಿಯಾಗೇ ಕಂಡಿದ್ದಾರೆ. ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಸಾಲದ್ದಕ್ಕೆ ಮಣ್ಣೊಳಗಿನ ಮಂಜುಗಡ್ಡೆ ಕೆಳಗಿನ ನೀರನ್ನೂ ಎಳೆದುಕೊಂಡು ಪದರಪದರವಾಗಿ ಬೆಳೆದು ಕಣಗಳ ನಂಟು ಬಿಡಿಸುತ್ತದೆ. ಕರಗುವುದು ಮೇಲಿನಿಂದ. ಅಡಿಯಲ್ಲಿನ್ನೂ ಹೆಪ್ಪು ಇರುವುದರಿಂದ ನೀರು ಇಂಗಲು ದಾರಿಯಿಲ್ಲ, ಮೇಲಿನ ರಾಡಿ ಇಳಿಜಾರು ಹಿಡಿಯುತ್ತದೆ. ಕಣವನ್ನು ಎತ್ತುವಾಗ ಹಿಮ ಇಳಿಜಾರಿನ ಮೈಗೆ ಲಂಬವಾಗಿ ಎತ್ತುತ್ತದೆ, ಕರಗಿದಾಗ ಅದು ಹೆಚ್ಚುಕಡಿಮೆ ನೇರ ಕೆಳಕ್ಕೆ ಕೂರುತ್ತದೆ. ಹಾಗಾಗಿ ಪ್ರತಿ ಸಲವೂ ಕೂದಲೆಳೆಯಷ್ಟು ಕೆಳಗೆ. ನಮ್ಮ ಕಡೆಯ ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾದರೆ ಅದೇ ಹೆಚ್ಚು, ನೆಲ ಹೆಪ್ಪುಗಟ್ಟುವ ಮಾತೇ ಇಲ್ಲ. ಆದರೆ ಅಲ್ಲಿ ಹಿಮ ಮಾಡುವ ಕೆಲಸಕ್ಕೆ ಇಲ್ಲಿ ಬಿಸಿಲಿದೆ, ಒಣಗಿಸಿ ಬಿರುಕು ಬಿಡಿಸಿ ಮಣ್ಣಿನ ನಂಟು ಕಳಚುತ್ತದೆ.

"ನಮ್ದು ಸಪಾಟ್ ಹೊಲ, ಇಳಿಜಾರು ಎಲ್ಲೈತ್ರಿ?" ಎನ್ನುವವರಿಗೊಂದು ಮಾತು. ಕಣ್ಣಿಗೆ ಸಪಾಟು ಕಾಣುವ 2 ಶೇಕಡಾ ಇಳಿಜಾರಿನಲ್ಲೂ ನೂರು ಮೀಟರ್ ನಡೆದರೆ ನೀವು ಎರಡು ಮೀಟರ್ ಕೆಳಗಿಳಿದಿರುತ್ತೀರಿ, ಒಂದಾಳಿಗಿಂತ ಹೆಚ್ಚು. ಅದರಲ್ಲೂ ಹಿಂಗಾರಿ ಜೋಳಕ್ಕೆಂದು ಮುಂಗಾರಿಡೀ ಬರಿದೇ ಬಿಟ್ಟ ಹೊಲವಾದರೆ ಹನಿಗೆ ಅಡ್ಡ ಒಂದು ಎಲೆಯೂ ಇರುವುದಿಲ್ಲ.

ಹಾಗಾದರೆ ಯಾವಾಗ? ಒಂದೆರಡು ಹದ ಮಳೆಯಾಗಿ ಬಿರುಕು ಮುಚ್ಚಿ, ಮಣ್ಣು ಮುಷ್ಟಿಯಲ್ಲಿ ಉಂಡೆ ಕಟ್ಟುವಾಗ. ಬುಡ ಅಗೆದು ತೆಗೆದು, ಗೇಣುಗೇಣಿಗೆ ತುಳಿಸಿ ಏರಿಸಿ. ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಹಾಕಿ ನೀರು ನಿಲ್ಲಿಸುವ ಸಮಪಾತಳಿ ಒಡ್ಡು ಆಳವಾದ ಎರೆಗೆ ಸಾಮಾನ್ಯವಾಗಿ ಒಗ್ಗದು. ನೂರು ಮೀಟರಿಗೆ 20ರಿಂದ 40 ಸೆಂಟಿಮೀಟರ್ ಇಳುಕಲು ಕೊಟ್ಟು ನೀರನ್ನು ನಡೆಸಿಕೊಂಡು ಹೋಗುವುದು ವಾಸಿ. ಮಸಾರಿಯವರು, ಅಂದರೆ ಕೆಂಪು ಮಣ್ಣಿನವರು, ಇದನ್ನು ಓದಿ ಹಾಗೇ ಮಾಡಬೇಡಿ, ನಿಮ್ಮ ಲೆಕ್ಕ ಬೇರೆ. ಎರೆಯವರೂ ಮಣ್ಣಿನ ಆಳ ನೋಡಿಸದೆ ಕೈ ಹಾಕಬೇಡಿ. ಬಳ್ಳಾರಿಯಲ್ಲಿ ಇದೇ ಕಪ್ಪು ಮಣ್ಣಿಗಾಗಿ 1954ರಿಂದ ಮಣ್ಣು-ನೀರು ಸಂರಕ್ಷಣೆಯ ಸಂಶೋಧನಾ ಕೇಂದ್ರವಿದೆ. ಜೆಸಿಬಿಯವನನ್ನು ಕೇಳುವ ಮೊದಲು ಅಲ್ಲಿ ಕೇಳಬಹುದು.

ಇಳುಕಲು ಎಂದರೆ ಕೊನೆಗೆ ನೀರು ಹೊರಬೀಳಲು ಒಂದು ಕೋಡಿ ಬೇಕು. ಕೋಡಿ ಎಂದ ಕೂಡಲೇ ಕೆಳಗಿನ ಹೊಲದ ದಾಯಾದಿ ನೆನಪಾಗುತ್ತಾನೆ. ಆ ಮಾಜಿ ಸೈನಿಕರ ಹೊಲದಲ್ಲೂ ಅದೇ ಆಯಿತು. ಮಟ್ಟ ನೋಡಲು ನನಗೆ ಹಿಡಿದದ್ದು ಒಂದು ಗಂಟೆ, ಮಾತು ಬಿಟ್ಟಿದ್ದ ಅಣ್ಣತಮ್ಮಂದಿರನ್ನು ಬೇವಿನ ಮರದಡಿ ಕೂರಿಸಲು ಇಡೀ ದಿನ. ಕೊನೆಗೆ ಬದುವಿನ ಗುಂಟ ಕಲ್ಲು ಹಾಸಿದ ಕಾಲುವೆಗೆ ಇಬ್ಬರೂ ಒಪ್ಪಿದರು. ಯಾರ ಕಡೆಯಿಂದ ಎಷ್ಟು ಟ್ರಿಪ್ ಕಲ್ಲು ಬಂತು ಎಂಬ ಲೆಕ್ಕ ಇನ್ನೂ ಹರಿದಿಲ್ಲ. ಒಡ್ಡು ಮಾತ್ರ ಎರಡು ಮುಂಗಾರು ನೋಡಿದೆ.