ಗಡಿಯೂರಿನ ಕತ್ತಲೆ, ಡಿಸ್ಕಿನ ಕಪ್ಪು

ದಿನಾ ತಲಪಾಡಿ ಚೆಕ್‌ಪೋಸ್ಟ್ ದಾಟಿ ಮಂಗಳೂರಿಗೆ ಹೋಗಿಬರುವ ಕಾಸರಗೋಡಿನವರಿಗೆ ಹಿಡಿಸುವಂಥ ಒಂದು ಹಳೇ ಕ್ರೈಮ್ ಥ್ರಿಲ್ಲರ್ ಇದೆ. ಆರ್ಸನ್ ವೆಲ್ಸ್ ನಿರ್ದೇಶಿಸಿದ, 1958ರಲ್ಲಿ ಬಂದ ‘ಟಚ್ ಆಫ್ ಈವಿಲ್’. ಕಥೆ ನಡೆಯುವುದು ಅಮೆರಿಕ ಮತ್ತು ಮೆಕ್ಸಿಕೊ ಗಡಿಯ ಊರಿನಲ್ಲಿ. ಎರಡು ಭಾಷೆ, ಎರಡು ಕಡೆಯ ಪೊಲೀಸರು, ನಡುವೆ ಒಂದು ಗೇಟು. ಶುರುವಿನಲ್ಲೇ ಯಾರೋ ಒಬ್ಬ ಕಾರಿನ ಡಿಕ್ಕಿಯಲ್ಲಿ ಬಾಂಬ್ ಇಟ್ಟು ಓಡುತ್ತಾನೆ. ಕಾರು ಹೊರಡುತ್ತದೆ. ಕ್ಯಾಮೆರಾ ಮೇಲೇರುತ್ತದೆ, ಕೆಳಗಿಳಿಯುತ್ತದೆ, ಜನರ ನಡುವೆ ನುಸುಳುತ್ತದೆ. ಮೂರು ನಿಮಿಷಕ್ಕಿಂತ ಜಾಸ್ತಿ ಹೊತ್ತು ಎಲ್ಲೂ ಕಟ್ ಇಲ್ಲ. ಗಡಿ ದಾಟಿದ ಮೇಲೆಯೇ ಬಾಂಬ್ ಸಿಡಿಯುವುದು. ಇಡೀ ದೃಶ್ಯ ರಾತ್ರಿಯದು, ಕಪ್ಪುಬಿಳುಪು.

ಈ ಸಿನಿಮಾ ಈಗ ಸಂಗ್ರಹಕಾರರಿಗೆಂದು, ಮಾಮೂಲಿ ಬ್ಲೂರೇಗಿಂತ ಜಾಸ್ತಿ ವಿವರ ಹಿಡಿಯುವ 4ಕೆ ಡಿಸ್ಕ್‌ನಲ್ಲಿ ಬಂದಿದೆ. ‘ಹಳೇ ಕಪ್ಪುಬಿಳುಪು ಸಿನಿಮಾಕ್ಕೆ ಇಷ್ಟೆಲ್ಲ ಯಾಕೆ ಮಾರಾಯ್ರೆ, ಫೋನಲ್ಲಿ ನೋಡಿದ್ರೆ ಸಾಲದಾ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಚಿತ್ರ ಸ್ಪಷ್ಟವಾಗುತ್ತದೆ ಅನ್ನುವುದು ಸಣ್ಣ ಲಾಭ. ದೊಡ್ಡ ಲಾಭ ಇರುವುದು ಕತ್ತಲೆಯಲ್ಲಿ. ಇಂಥ ಸಿನಿಮಾಗಳಲ್ಲಿ ನೆರಳಿನೊಳಗೆ ಯಾರಾದರೂ ನಿಂತಿರುತ್ತಾರೆ. ಆ ನೆರಳು ಬೂದಿ ಬಣ್ಣಕ್ಕೆ ತಿರುಗಿದರೆ ಭಯವೇ ಹೋಯಿತು. ಪೂರ್ತಿ ಮಸಿಯಾದರೆ ನಿಂತವನೇ ಕಾಣುವುದಿಲ್ಲ.

ಎಂಬತ್ತರ ದಶಕದಲ್ಲಿ ನಮ್ಮ ಕಡೆ ಗಲ್ಫ್‌ನಿಂದ ಬಂದವರ ಸಾಮಾನಿನಲ್ಲಿ ಕ್ಯಾಸೆಟ್ ಹಾಕಿ ಸಿನಿಮಾ ನೋಡುವ ವಿಸಿಆರ್ ಇರುತ್ತಿತ್ತು. ಅದರ ಹಿಂದೆಯೇ ಕ್ಯಾಸೆಟ್ ಅಂಗಡಿಗಳೂ ಬಂದವು. ಆ ವಿಎಚ್‌ಎಸ್ ಟೇಪಿಗೆ ಅಡ್ಡಡ್ಡಲಾಗಿ ಸುಮಾರು 240 ಗೆರೆಗಳಷ್ಟು ವಿವರ ಮಾತ್ರ ಹಿಡಿಯುತ್ತಿತ್ತು. ಅದೂ ಪ್ರತಿಯ ಪ್ರತಿಯಾದರೆ ರಾತ್ರಿಯ ದೃಶ್ಯದಲ್ಲಿ ಕಪ್ಪು ಅನ್ನುವುದೇ ಇಲ್ಲ, ಬರೀ ಕುದಿಯುವ ಬೂದಿ. ಇನ್ನೊಂದು ತಮಾಷೆಯೂ ಇತ್ತು. ಸಿನಿಮಾ ಸೆಕೆಂಡಿಗೆ 24 ಚಿತ್ರದಂತೆ ಓಡುತ್ತದೆ. ನಮ್ಮ ಪಾಲ್ ಪದ್ಧತಿಯ ಟಿವಿಗೆ 25 ಬೇಕು. ಅದಕ್ಕೆ ಸಿನಿಮಾವನ್ನೇ ಚೂರು ಬೇಗ ಓಡಿಸುತ್ತಿದ್ದರು. 96 ನಿಮಿಷದ ಸಿನಿಮಾ ಸುಮಾರು 92 ನಿಮಿಷಕ್ಕೆ ಮುಗಿಯುತ್ತಿತ್ತು. ಖಳನ ಗಡಸು ದನಿಯೂ ಸ್ವಲ್ಪ ಕೀರಲಾಗುತ್ತಿತ್ತು.

ಈಗ ಮೂಲಕ್ಕೆ ಹೋಗೋಣ. ಕಪ್ಪುಬಿಳುಪು ಫಿಲ್ಮಿನ ಮೇಲೆ ಜೆಲಾಟಿನ್ ಪದರ. ಅದರೊಳಗೆ ಬೆಳ್ಳಿಯ ಲವಣದ ಹರಳುಗಳು. ಬೆಳಕು ಬಿದ್ದ ಹರಳು ಡೆವಲಪ್ ಮಾಡಿದಾಗ ಅಪ್ಪಟ ಬೆಳ್ಳಿಯ ಕಣವಾಗಿ ಕಪ್ಪಾಗುತ್ತದೆ. ಉಳಿದದ್ದು ತೊಳೆದು ಹೋಗುತ್ತದೆ. ಹಾಗಾಗಿ ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು. ಬೀದಿದೀಪ ಕಪ್ಪು, ಕತ್ತಲ ಗಲ್ಲಿ ತಿಳಿ. ಅಂದರೆ ಕ್ರೈಮ್ ಸಿನಿಮಾದ ಆ ಭಯಂಕರ ಕತ್ತಲೆ ನೆಗೆಟಿವ್‌ನಲ್ಲಿ ಇರುವುದು ಬೆಳ್ಳಿ ಅತಿ ಕಡಿಮೆ ಇರುವ ಜಾಗದಲ್ಲಿ. ಗಲ್ಲಿಯಲ್ಲಿ ನಿಂತವನ ಕೋಟಿಗೂ ಹಿಂದಿನ ಗೋಡೆಗೂ ಇರುವ ವ್ಯತ್ಯಾಸ ಕೆಲವೇ ಕಣಗಳದ್ದು.

ಆ ಕೆಲವು ಕಣಗಳು ಮೊದಲು ಹೋಗುವುದು ಪ್ರತಿ ತೆಗೆಯುವಾಗ. ಥಿಯೇಟರಿಗೆ ಹೋಗುವ ಪ್ರಿಂಟನ್ನು ಎಷ್ಟೋ ಸಲ ಮೂಲ ನೆಗೆಟಿವ್‌ನಿಂದ ನೇರವಾಗಿ ತೆಗೆಯುತ್ತಿರಲಿಲ್ಲ. ಮೊದಲು ಒಂದು ಮಾಸ್ಟರ್ ಪಾಸಿಟಿವ್, ಅದರಿಂದ ಇನ್ನೊಂದು ನೆಗೆಟಿವ್, ಅದರಿಂದ ಪ್ರಿಂಟ್. ಒಂದೊಂದು ಹಂತದಲ್ಲೂ ನೆರಳಿನ ವಿವರ ಸ್ವಲ್ಪ ಸವೆಯುತ್ತದೆ. ಪ್ರಿಂಟಿನಲ್ಲಿ ಮತ್ತೊಂದು ಕಷ್ಟ. ಅದರ ಕಡುಗಪ್ಪು ಜಾಗದಲ್ಲಿ ಸಾವಿರದಲ್ಲಿ ಒಂದು ಪಾಲು ಬೆಳಕೂ ದಾಟುವುದು ಕಷ್ಟ. ಅಂಥ ಕಡೆ ಕೋಟು ಯಾವುದು ಗೋಡೆ ಯಾವುದು ಎಂದು, ಫಿಲ್ಮನ್ನು ಕಂಪ್ಯೂಟರಿಗೆ ಇಳಿಸುವ ಸ್ಕ್ಯಾನರಿಗೆ ಗೊತ್ತಾಗುವುದು ಹೇಗೆ? ಅದಕ್ಕೇ ಹಳೇ ಸಿನಿಮಾ ಸರಿಪಡಿಸುವವರು ಮೂಲ ನೆಗೆಟಿವ್ ಅಥವಾ ಅದಕ್ಕೆ ಅತಿ ಹತ್ತಿರದ ಪ್ರತಿಗಾಗಿ ಊರೂರು ಹುಡುಕುವುದು. ನನ್ನ ಪ್ರಕಾರ ಮುಕ್ಕಾಲು ಕೆಲಸ ಅಲ್ಲೇ ಮುಗಿಯುತ್ತದೆ. ಆಮೇಲಿನ ಕಂಪ್ಯೂಟರ್ ಕೆಲಸಕ್ಕೆ ಹೆಸರು ಜಾಸ್ತಿ, ಅಷ್ಟೆ.

ಹುಡುಕಿದ್ದು ಸಿಕ್ಕಿದರೂ ಅದು ಬದುಕಿರಬೇಕಲ್ವಾ? 1950ರ ಆಸುಪಾಸಿನವರೆಗೆ ಸಿನಿಮಾಕ್ಕೆ ಬಳಸುತ್ತಿದ್ದದ್ದು ನೈಟ್ರೇಟ್ ಫಿಲ್ಮ್. ಅದರೊಳಗೇ ಆಮ್ಲಜನಕ ಇರುವುದರಿಂದ ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. 2003ರಲ್ಲಿ ಪುಣೆಯಲ್ಲಿ ಬೆಂಕಿ ಬಿದ್ದು ನಮ್ಮ ಮೂಕಿ ಕಾಲದ ಎಷ್ಟೋ ರೀಲುಗಳು ಹೋದದ್ದು ಈ ನೈಟ್ರೇಟಿನಿಂದಲೇ. ಆಮೇಲೆ ಬಂದ ಅಸಿಟೇಟ್ ಫಿಲ್ಮ್‌ಗೆ ‘ಸುರಕ್ಷಿತ ಫಿಲ್ಮ್’ ಎಂದು ಹೆಸರಿಟ್ಟರು. ಬೆಂಕಿಯಿಂದ ಸುರಕ್ಷಿತ, ನಿಜ. ಆದರೆ ಸೆಕೆ ಮತ್ತು ತೇವ ಸೇರಿದರೆ ಅದು ನಿಧಾನಕ್ಕೆ ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ನಾವು ವಿನೆಗರ್ ಅನ್ನುವುದು ಇದನ್ನೇ. ಬಿಟ್ಟ ಆಮ್ಲವೇ ಮತ್ತಷ್ಟು ಒಡೆಯಲು ಕುಮ್ಮಕ್ಕು ಕೊಡುತ್ತದೆ. ಹಾಗಾಗಿ ಒಮ್ಮೆ ಶುರುವಾದರೆ ವೇಗ ಏರುತ್ತಲೇ ಹೋಗುತ್ತದೆ. ಡಬ್ಬಿ ತೆರೆದರೆ ಮೂಗಿಗೆ ಹುಳಿ ವಾಸನೆ ಬಡಿಯುತ್ತದೆ. ಫಿಲ್ಮ್ ಕುಗ್ಗಿ, ಸುರುಟಿ, ಜೆಲಾಟಿನ್ ಪದರ ಎದ್ದು ಬರುತ್ತದೆ. ಈ ರೋಗದ ಬಗ್ಗೆ ಕೊಡಕ್ ಕಂಪನಿಗೆ ಮೊದಲು ದೂರು ಹೋದದ್ದು ಎಲ್ಲಿಂದ ಅಂದುಕೊಂಡಿರಿ? ಭಾರತ ಸರ್ಕಾರದಿಂದ, 1950ರ ದಶಕದಲ್ಲಿ. ನಮ್ಮ ಸೆಕೆ ಅವರ ಲೆಕ್ಕದಲ್ಲೇ ಇರಲಿಲ್ಲ.

21 ಡಿಗ್ರಿ ತಂಪು, ಶೇ 50ರಷ್ಟು ಆರ್ದ್ರತೆ ಇರುವ ಕೋಣೆಯಲ್ಲಿ ಹೊಸ ಅಸಿಟೇಟ್ ಫಿಲ್ಮ್‌ಗೆ ಈ ರೋಗ ಹಿಡಿಯಲು ಸುಮಾರು 40 ವರ್ಷ ಬೇಕು. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಆಟಿ ತಿಂಗಳಲ್ಲಿ ಕಪಾಟಿನ ಚಪ್ಪಲಿಗೂ ಬೂಷ್ಟು ಬರುತ್ತದೆ. ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಯಾರದಾದರೂ ಅಟ್ಟದ ಮೇಲೆ ಹಳೇ ರೀಲು ಇದ್ದರೆ ಅದರ ಗತಿ ಲೆಕ್ಕ ಹಾಕಿ.

ಸಿಕ್ಕಿದ ಫಿಲ್ಮಿನ ಮೇಲೆ ಗೀರುಗಳು ಇದ್ದೇ ಇರುತ್ತವೆ. ಇದಕ್ಕೆ ಒಂದು ಚಂದದ ಉಪಾಯ ಇದೆ. ಗೋಳಿಬಜೆ ಕಟ್ಟಿಕೊಟ್ಟ ಪೇಪರನ್ನು ನೋಡಿದ್ದೀರಲ್ಲ, ಎಣ್ಣೆ ಹಿಡಿದ ಕಡೆ ಆಚೆಗಿನದ್ದು ಕಾಣುತ್ತದೆ. ಕಾಗದದ ನಾರಿನ ನಡುವೆ ಗಾಳಿ ಇದ್ದಾಗ ಬೆಳಕು ಅಲ್ಲಲ್ಲಿ ಬಾಗಿ ಚದರುತ್ತದೆ. ಎಣ್ಣೆ ತುಂಬಿದರೆ ಬೆಳಕಿಗೆ ನಾರೂ ಎಣ್ಣೆಯೂ ಹೆಚ್ಚುಕಡಿಮೆ ಒಂದೇ, ಸೀದಾ ದಾಟುತ್ತದೆ. ಫಿಲ್ಮ್ ಸ್ಕ್ಯಾನ್ ಮಾಡುವಾಗಲೂ ಇದೇ ಆಟ. ಪರ್‌ಕ್ಲೋರೋಎಥಿಲೀನ್ ಎಂಬ ದ್ರವದಲ್ಲಿ ಫಿಲ್ಮನ್ನು ತೋಯಿಸಿ ಓಡಿಸುತ್ತಾರೆ. ಅದು ಬೆಳಕನ್ನು ಬಾಗಿಸುವ ಪ್ರಮಾಣ ಫಿಲ್ಮಿನ ಪ್ಲಾಸ್ಟಿಕ್ಕಿಗೆ ಬಹಳ ಹತ್ತಿರ. ದ್ರವ ಗೀರಿನೊಳಗೆ ಇಳಿದ ಕೂಡಲೇ ಗೀರು ಕಾಣೆ. ಒಂದು ಮಾತು: ಇದು ನಡೆಯುವುದು ಹೆಚ್ಚಾಗಿ ಪ್ಲಾಸ್ಟಿಕ್ಕಿನ ಬದಿಯ ಗೀರಿಗೆ. ಚಿತ್ರವಿರುವ ಬದಿಯಲ್ಲಿ ಬೆಳ್ಳಿಯೇ ಕಿತ್ತು ಹೋಗಿದ್ದರೆ ಯಾವ ದ್ರವವೂ ಅದನ್ನು ತಂದುಕೊಡುವುದಿಲ್ಲ.

ಧೂಳಿನ ಕಥೆ ಬೇರೆ. ಬಣ್ಣದ ಸಿನಿಮಾಕ್ಕೆ ಇನ್‌ಫ್ರಾರೆಡ್ ಬೆಳಕಿನ ಸಹಾಯ ಸಿಗುತ್ತದೆ. ಬಣ್ಣದ ದ್ರವ್ಯಗಳನ್ನು ಆ ಬೆಳಕು ದಾಟುತ್ತದೆ, ಧೂಳಿಗೆ ತಾಗಿ ನಿಲ್ಲುತ್ತದೆ, ಹಾಗಾಗಿ ಧೂಳಿನ ನಕ್ಷೆಯೇ ಸಿಕ್ಕಿದ ಹಾಗೆ. ಕಪ್ಪುಬಿಳುಪಿನಲ್ಲಿ ಬೆಳ್ಳಿಯೇ ಇನ್‌ಫ್ರಾರೆಡ್ಡನ್ನು ತಡೆಯುವುದರಿಂದ ಈ ದಾರಿ ಬಂದ್. ಉಳಿದದ್ದು ಸಾಫ್ಟ್‌ವೇರ್ ಮತ್ತು ಮನುಷ್ಯರ ಕಣ್ಣು. ಸಾಫ್ಟ್‌ವೇರ್ ಹಿಂದಿನ ಚಿತ್ರ, ಮುಂದಿನ ಚಿತ್ರ ಎರಡನ್ನೂ ನೋಡುತ್ತದೆ. ನಡುವಿನ ಒಂದರಲ್ಲಿ ಮಾತ್ರ ಏನಾದರೂ ಮಿಂಚಿದರೆ ಅದು ಕೊಳೆ ಎಂದು ಅಳಿಸುತ್ತದೆ. ಕ್ರೈಮ್ ಸಿನಿಮಾದಲ್ಲಿ ಹೀಗೆ ಒಂದೆರಡು ಚಿತ್ರ ಮಾತ್ರ ಮಿಂಚುವುದು ಇನ್ಯಾವುದು? ಪಿಸ್ತೂಲಿನ ಬಾಯಿಯ ಬೆಂಕಿ! ಸುಮ್ನೆ ಬಿಟ್ಟರೆ ಯಂತ್ರ ಗುಂಡಿನ ಕಿಡಿಯನ್ನೂ ಮಳೆಹನಿಯನ್ನೂ ಗುಡಿಸಿ ಹಾಕುತ್ತದೆ. ಅದಕ್ಕೆ ಯಾರಾದರೂ ಪಕ್ಕದಲ್ಲಿ ಕೂತು ಒಂದೊಂದನ್ನೂ ನೋಡಬೇಕು. 96 ನಿಮಿಷಕ್ಕೆ 1,38,240 ಚಿತ್ರ.

ಯಂತ್ರಕ್ಕೆ ಬಿಟ್ಟರೆ ಆಗುವ ಇನ್ನೂ ದೊಡ್ಡ ಅನಾಹುತ ಮುಖಗಳಲ್ಲಿ ಕಾಣುತ್ತದೆ. ಪರದೆಯ ಮೇಲೆ ಮರಳಿನ ಹಾಗೆ ಮಿಣಮಿಣ ಅನ್ನುವುದನ್ನು ನೋಡಿ ‘ಇದೇನು ಕೊಳೆ’ ಎಂದು ಅಳಿಸಿದ ಡಿಸ್ಕುಗಳು ಬಂದಿವೆ. ಅಲ್ಲಿ ಬೆವರಿದ ಪೊಲೀಸನ ಮುಖ ಮೇಣದ ಗೊಂಬೆಯದ್ದಾಗುತ್ತದೆ. ಆ ಮರಳೇ ಬೆಳ್ಳಿಯ ಕಣ. ಚಿತ್ರ ಆಗಿರುವುದೇ ಅದರಿಂದ. ಅದನ್ನು ತೆಗೆದರೆ ಮುಖದ ವಿವರವೂ ಅದರ ಜೊತೆ ಹೋಗುತ್ತದೆ. ಕಣ ಅಳಿಸಿದ ಡಿಸ್ಕಿಗೆ ದುಡ್ಡು ಕೊಡಬೇಡಿ ಎಂಬುದು ನನ್ನ ಹಟ.

ಆದರೆ ಕಣ ಉಳಿಸಿಕೊಳ್ಳುವುದಕ್ಕೆ ಖರ್ಚಿದೆ. ಲೆಕ್ಕ ನೋಡಿ. 4096×3112 ಅಳತೆಯಲ್ಲಿ ಸ್ಕ್ಯಾನ್ ಮಾಡಿದರೆ ಸಾಮಾನ್ಯ 10 ಬಿಟ್ ಫೈಲಿನಲ್ಲಿ ಒಂದು ಚಿತ್ರಕ್ಕೆ ಸುಮಾರು 51 ಎಂಬಿ. ಇಡೀ ಸಿನಿಮಾ 7 ಟೆರಾಬೈಟ್, ಅಂದರೆ 7,000 ಜಿಬಿ ದಾಟುತ್ತದೆ. ಡಿಸ್ಕಿನಲ್ಲಿರುವುದು ಹೆಚ್ಚೆಂದರೆ 100 ಜಿಬಿ. ಇಷ್ಟು ಕುಗ್ಗಿಸಲು ಸಾಧ್ಯವಾಗುವುದು ಒಂದು ಚಿತ್ರದಲ್ಲಿದ್ದದ್ದೇ ಮುಂದಿನದರಲ್ಲೂ ಇರುವುದರಿಂದ. ಗೋಡೆ ಗೋಡೆಯಾಗಿಯೇ ಇರುತ್ತದೆ, ಮತ್ತೆ ಬರೆಯುವ ಅಗತ್ಯ ಇಲ್ಲ. ಬೆಳ್ಳಿ ಕಣ ಮಾತ್ರ ಹಾಗಲ್ಲ, ಪ್ರತಿ ಚಿತ್ರದಲ್ಲೂ ಬೇರೆ ಬೇರೆ ಕಡೆ ಕೂತಿರುತ್ತದೆ. ಊಹಿಸಲು ಆಗುವುದಿಲ್ಲ, ಪೂರ್ತಿ ಬರೆಯಲೇ ಬೇಕು. ಡಿಸ್ಕಿಗೆ ಸೆಕೆಂಡಿಗೆ 100 ಮೆಗಾಬಿಟ್‌ಗೂ ಹೆಚ್ಚು ಓದುವ ತಾಕತ್ತಿದೆ. ಇಂಟರ್ನೆಟ್ಟಿನಲ್ಲಿ ಬರುವ 4ಕೆ ಸಿನಿಮಾ ಸಾಮಾನ್ಯವಾಗಿ 15ರಿಂದ 25ರಲ್ಲಿ ಸುಧಾರಿಸಿಕೊಳ್ಳುತ್ತದೆ. ಉಳಿತಾಯದ ಕತ್ತರಿ ಮೊದಲು ಬೀಳುವುದು ಕತ್ತಲೆಯ ಮೇಲೆ. ರಾತ್ರಿ ದೃಶ್ಯದ ಆಕಾಶದಲ್ಲಿ ಚೌಕ ಚೌಕ ಕಂಡಿದ್ದರೆ ಕಾರಣ ಇದು.

ಕಪ್ಪಿನಿಂದ ಬಿಳಿಗೆ ಏರುವ ಮೆಟ್ಟಿಲುಗಳ ವಿಷಯವೂ ಇದೆ. ಡಿವಿಡಿ ಕಾಲದ 8 ಬಿಟ್ ವಿಡಿಯೋದಲ್ಲಿ ಕಡುಗಪ್ಪಿನಿಂದ ಬಿಳಿಯವರೆಗೆ ಬರೀ 220 ಮೆಟ್ಟಿಲು. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಸಣ್ಣ ವ್ಯತ್ಯಾಸವನ್ನೂ ಹಿಡಿಯುತ್ತದೆ. ಹಾಗಾಗಿ ನೆರಳಿನಲ್ಲಿ ಮೆಟ್ಟಿಲೇ ಪಟ್ಟೆಪಟ್ಟೆಯಾಗಿ ಕಾಣುತ್ತಿತ್ತು. 4ಕೆ ಡಿಸ್ಕಿನ ಎಚ್‌ಡಿಆರ್ (ಕತ್ತಲೆ ಬೆಳಕಿನ ಅಂತರವನ್ನು ಹೆಚ್ಚು ತೋರಿಸುವ ಪದ್ಧತಿ) 10 ಬಿಟ್, ಅಂದರೆ ಅದೇ ಲೆಕ್ಕದಲ್ಲಿ 877 ಮೆಟ್ಟಿಲು. ಅದರಲ್ಲೂ ಜಾಸ್ತಿ ಪಾಲನ್ನು ಕತ್ತಲ ಕಡೆಗೇ ಹಂಚಿದ್ದಾರೆ. ಎಚ್‌ಡಿಆರ್ ಅಂದರೆ ಕಣ್ಣು ಕೋರೈಸುವ ಬೆಳಕು ಎಂದು ಟಿವಿ ಅಂಗಡಿಯವರು ಹೇಳುತ್ತಾರೆ. ಹಳೇ ಕ್ರೈಮ್ ಸಿನಿಮಾಕ್ಕೆ ಅದರ ಉಪಯೋಗ ಕೋಟು ಯಾವುದು ಗೋಡೆ ಯಾವುದು ಎಂದು ತೋರಿಸುವುದಕ್ಕೆ.

ಇನ್ನು ‘ಟಚ್ ಆಫ್ ಈವಿಲ್’ಗೆ ಇರುವ ಮೂರು ಆವೃತ್ತಿಗಳ ವಿಷಯ. ಸ್ಟುಡಿಯೋದವರು ಸಿನಿಮಾವನ್ನು ವೆಲ್ಸ್ ಕೈಯಿಂದ ತೆಗೆದುಕೊಂಡು ತಮಗೆ ಬೇಕಾದಂತೆ ಕತ್ತರಿಸಿದರು. ಅದನ್ನು ನೋಡಿದ ವೆಲ್ಸ್ 1957ರ ಡಿಸೆಂಬರಿನಲ್ಲಿ 58 ಪುಟದ ಪತ್ರ ಬರೆದ. ಯಾವ ದೃಶ್ಯ ಎಲ್ಲಿಗೆ ಹೋಗಬೇಕು, ಯಾವ ಸದ್ದು ಎಲ್ಲಿ ಬರಬೇಕು, ಎಲ್ಲ ಅದರಲ್ಲಿತ್ತು. ಹೆಚ್ಚಿನದ್ದಕ್ಕೆ ಯಾರೂ ಕಿವಿಗೊಡಲಿಲ್ಲ. 96 ನಿಮಿಷದ್ದು ಬಿಡುಗಡೆಯಾಯಿತು. ಎಪ್ಪತ್ತರ ದಶಕದಲ್ಲಿ 108 ನಿಮಿಷದ ಇನ್ನೊಂದು ಪ್ರತಿ ಸಿಕ್ಕಿತು. 1998ರಲ್ಲಿ ಸಂಕಲನಕಾರ ವಾಲ್ಟರ್ ಮರ್ಚ್ ಆ ಪತ್ರವನ್ನು ಮುಂದಿಟ್ಟುಕೊಂಡು ಮೂರನೆಯದನ್ನು ಕಟ್ಟಿದರು. ಮೊದಲ ದೃಶ್ಯದ ಮೇಲಿದ್ದ ಹೆಸರುಗಳು ಹೋದವು, ಹಿನ್ನೆಲೆ ಸಂಗೀತವೂ ಹೋಯಿತು. ಈಗ ಬೀದಿಯ ರೇಡಿಯೋ, ಹೋಟೆಲಿನ ಹಾಡು, ಕಾರಿನ ಸದ್ದು ಒಂದೊಂದಾಗಿ ಹತ್ತಿರ ಬಂದು ದೂರ ಹೋಗುತ್ತವೆ. ವೆಲ್ಸ್ 1985ರಲ್ಲೇ ತೀರಿಕೊಂಡಿದ್ದರಿಂದ ಇದನ್ನು ‘ನಿರ್ದೇಶಕರ ಆವೃತ್ತಿ’ ಅನ್ನುವುದು ಸರಿಯಲ್ಲ. ಆದರೂ ನೋಡಿದರೆ ಇದನ್ನೇ ಮೊದಲು ನೋಡಿ. ಹಳೆಯದನ್ನೂ ಪೆಟ್ಟಿಗೆಯಲ್ಲೇ ಇಟ್ಟಿರುವುದು ಒಳ್ಳೆಯದಾಯಿತು, ಹೋಲಿಸಿ ನೋಡಬಹುದು.

ತರಿಸುವವರಿಗೆ ಒಂದು ಎಚ್ಚರಿಕೆ. ಮಾಮೂಲಿ ಬ್ಲೂರೇಯಲ್ಲಿ ಲೋಕವನ್ನು ಎ, ಬಿ, ಸಿ ಎಂದು ಮೂರು ಪಾಲು ಮಾಡಿದ್ದಾರೆ. ದುಬೈ ಬಿ, ನಾವು ಸಿ. ಅಲ್ಲಿಂದ ನೆಂಟರು ತಂದ ಡಿಸ್ಕ್ ಇಲ್ಲಿನ ಪ್ಲೇಯರಿನಲ್ಲಿ ಓಡದೆ ಕೂರಬಹುದು. 4ಕೆ ಡಿಸ್ಕಿಗೆ ಈ ಗಡಿ ಇಲ್ಲ, ಎಲ್ಲಿಂದ ತಂದರೂ ಓಡುತ್ತದೆ. ಮಳೆಗಾಲದಲ್ಲಿ ಡಿಸ್ಕಿನ ಚಿಂತೆ ಅಷ್ಟಾಗಿ ಬೇಡ, ಪಾಲಿಕಾರ್ಬೊನೇಟು ತಡೆದುಕೊಳ್ಳುತ್ತದೆ. ಬೂಷ್ಟು ಹಿಡಿಯುವುದು ಜೊತೆಗೆ ಬರುವ ಪುಸ್ತಿಕೆಗೆ ಮತ್ತು ರಟ್ಟಿನ ಕವಚಕ್ಕೆ. ಗಾಳಿಯಾಡದ ಡಬ್ಬಿಯಲ್ಲಿ ಎರಡು ಪೊಟ್ಟಣ ಸಿಲಿಕಾ ಜೆಲ್ ಹಾಕಿಡಿ, ಆಟಿ ಕಳೆದ ಮೇಲೆ ಬದಲಾಯಿಸಿ.