‘ಒನ್ಸ್ ಇನ್ ಎ ಬ್ಲೂ ಮೂನ್’ ಅಂದರೆ ಅಮಾಸಿಗೊಮ್ಮಿ, ಹುಣ್ಣಿಮಿಗೊಮ್ಮಿ

‘ಅಂವ ಅಮಾಸಿಗೊಮ್ಮಿ ಹುಣ್ಣಿಮಿಗೊಮ್ಮಿ ಮನಿ ಕಡಿ ಬರ್ತಾನ’ ಎಂದು ಕಲಬುರಗಿಯಲ್ಲಿ ಯಾರಾದರೂ ಹೇಳಿದರೆ, ತಿಂಗಳಿಗೆ ಎರಡು ಸಲ ಬರುತ್ತಾನೆ ಎಂದು ಲೆಕ್ಕ ಹಾಕುವವರಿಲ್ಲ. ಅವನು ಬರುವುದೇ ಅಪರೂಪ ಎಂದು ಎಲ್ಲರಿಗೂ ತಿಳಿಯುತ್ತದೆ. ಇಂಗ್ಲಿಷಿನ ‘ಒನ್ಸ್ ಇನ್ ಎ ಬ್ಲೂ ಮೂನ್’ ಹೇಳುವುದೂ ಇದನ್ನೇ. ‘ನೀಲಿ ಚಂದ್ರನಿಗೊಮ್ಮೆ’ ಎಂದು ಅನುವಾದಿಸಿದರೆ ಓದುವವರಿಗೆ ಏನೂ ತಿಳಿಯದು. ‘ಅಪರೂಪಕ್ಕೊಮ್ಮೆ’ ಎಂದರೆ ಸಾಕು. ಮಾತಿನ ಸೊಗಸೂ ಬೇಕೆಂದರೆ ಅಮಾಸಿ-ಹುಣ್ಣಿಮಿಯೇ ಸರಿ.

ಆದರೆ ಎರಡನ್ನೂ ಜೋಡಿಯಾಗಿ ಹೇಳಿದಾಗ ಮಾತ್ರ ಈ ಅರ್ಥ. ‘ಆಕಿ ಹುಣ್ಣಿಮಿಗೊಮ್ಮಿ ಗಾಣಗಾಪುರಕ್ಕ ಹೋಗ್ತಾಳ’ ಎಂದರೆ ಪ್ರತಿ ಹುಣ್ಣಿಮೆಗೂ ತಪ್ಪದೆ ದತ್ತನ ದರ್ಶನಕ್ಕೆ ಹೋಗುತ್ತಾಳೆ ಎಂದು. ಇದನ್ನು ಬ್ಲೂ ಮೂನ್ ಎಂದು ಇಂಗ್ಲಿಷಿಗೆ ತಂದರೆ ಅರ್ಥ ತಲೆಕೆಳಗು. ಎಳ್ಳಮಾಸಿಯಂದು (ಎಳ್ಳು ಅಮಾವಾಸ್ಯೆ) ಹೊಲದಲ್ಲಿ ನೈವೇದ್ಯ ಚೆಲ್ಲುವ ಚರಗಕ್ಕೂ ಈ ನುಡಿ ಸಲ್ಲದು, ಅದು ವರ್ಷಕ್ಕೊಮ್ಮೆ ಬಂದೇ ಬರುತ್ತದೆ. ಯಾವಾಗ ಎಂದು ಹೇಳಲಾಗದ, ಆದರೆ ಆಗೊಮ್ಮೆ ಈಗೊಮ್ಮೆ ನಡೆಯುವ ಸಂಗತಿಗೆ ಮಾತ್ರ ಇದನ್ನು ಬಳಸಬೇಕು.

ಬ್ಲೂ ಮೂನ್ ಎಂದರೆ ಇಂದಿನ ರೂಢಿಯಲ್ಲಿ ಒಂದೇ ಕ್ಯಾಲೆಂಡರ್ ತಿಂಗಳಲ್ಲಿ ಬೀಳುವ ಎರಡನೇ ಹುಣ್ಣಿಮೆ. ಅಂದು ಚಂದ್ರ ನೀಲಿಯಾಗಿರುವುದಿಲ್ಲ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು 29.5 ದಿನ, ಫೆಬ್ರವರಿ ಬಿಟ್ಟರೆ ತಿಂಗಳಿಗೆ 30 ಅಥವಾ 31. ಉಳಿದ ದಿನಗಳು ಕೂಡುತ್ತಾ ಹೋಗಿ 19 ವರ್ಷಗಳ 228 ತಿಂಗಳಲ್ಲಿ 235 ಹುಣ್ಣಿಮೆ ಆಗುತ್ತವೆ. ಹೆಚ್ಚಾದ ಆ 7ನ್ನು ನಮ್ಮ ಪಂಚಾಂಗ ಅಧಿಕ ಮಾಸದಲ್ಲಿ ಹೊಂದಿಸುತ್ತದೆ. 2026ರಲ್ಲಿ ಮೇ 1ಕ್ಕೊಂದು, ಮೇ 31ಕ್ಕೊಂದು ಹುಣ್ಣಿಮೆ; ಎರಡನೆಯದು ಅಧಿಕ ಜ್ಯೇಷ್ಠದ್ದು. ಹೀಗಾಗಿ ಎರಡೂವರೆ ವರ್ಷ ದಾಟಿದ ಮೇಲೊಮ್ಮೆ ಎಂದು ತಿಳಿದರೆ ನುಡಿಯ ತೂಕ ಸಿಗುತ್ತದೆ, ಬಳಸುವಾಗ ಮಾತ್ರ ಯಾರೂ ಇಷ್ಟು ಎಣಿಸುವುದಿಲ್ಲ.

ಸಾಮಾನ್ಯವಾಗಿ ಇದನ್ನು ವಾಕ್ಯದ ಕೊನೆಯಲ್ಲಿ ಇಡುತ್ತಾರೆ: ‘ಹಿ ವಿಸಿಟ್ಸ್ ಅಸ್ ಒನ್ಸ್ ಇನ್ ಎ ಬ್ಲೂ ಮೂನ್.’ ಹೆಚ್ಚು ತಪ್ಪುವುದು ನಡುವಿನ ‘ಎ’. ಕೆಲವರು ಅದನ್ನು ಬಿಡುತ್ತಾರೆ, ಕೆಲವರು ‘ದ’ ಹಾಕುತ್ತಾರೆ, ಎರಡೂ ತಪ್ಪು. ‘ಹಿ ಈಸ್ ವಿಸಿಟಿಂಗ್’ ಎಂದೂ ಬರೆಯಬಾರದು, ಏಕೆಂದರೆ ಇಲ್ಲಿ ಹೇಳುತ್ತಿರುವುದು ರೂಢಿಯನ್ನು, ಈಗ ನಡೆಯುತ್ತಿರುವುದನ್ನಲ್ಲ. ಜೊತೆಗೆ ‘ರೇರ್ಲಿ’ ಸೇರಿಸಿದರೆ ಅಪರೂಪವನ್ನು ಎರಡು ಸಲ ಹೇಳಿದಂತೆ. ‘ಓನ್ಲಿ’ ಸೇರಿಸಿ ವಾಕ್ಯದ ಮೊದಲಿಗೆ ತಂದರೆ ಕ್ರಿಯಾಪದದ ಜಾಗ ಬದಲಾಗುತ್ತದೆ: ‘ಓನ್ಲಿ ಒನ್ಸ್ ಇನ್ ಎ ಬ್ಲೂ ಮೂನ್ ಡಸ್ ಹಿ ವಿಸಿಟ್ ಅಸ್.’

ಇದು ಮನೆಮಾತಿನ ನುಡಿ. ತಹಸೀಲ್ದಾರರಿಗೆ ‘ನಮ್ಮೂರಿಗೆ ಬಸ್ ಬರುವುದು ಅಪರೂಪ’ ಎಂದು ಇಂಗ್ಲಿಷಿನಲ್ಲಿ ಅರ್ಜಿ ಬರೆಯುವಾಗ ‘ರೇರ್ಲಿ’ ಎಂದೇ ಬರೆಯಿರಿ. ಇನ್ನೂ ಒಳ್ಳೆಯದೆಂದರೆ ವಾರಕ್ಕೆ ಎಷ್ಟು ಸಲ ಬರುತ್ತದೆ ಎಂಬ ಲೆಕ್ಕವನ್ನೇ ಕೊಡುವುದು.